ಕಸಿವಿದ್ಯೆಯ ಮಹಾಚೇತನ ಸರ್ ಪೀಟರ್ ಮೆಡವಾರ್

ಮಾವಿನ ಸಸಿಗೆ ಕಸಿ ಕಟ್ಟುವ ವಿದ್ಯೆ ನಮ್ಮ ನಾಡಿನ ತೋಟಿಗರಿಗೆ ಹೊಸದಲ್ಲ. ಕಾಡುಮಾವಿನ ಬುಡಕ್ಕೆ ಆಪೂಸಿನ ಕುಡಿಯನ್ನು ಸೇರಿಸಿ ಬಿಗಿಯಾಗಿ ಕಟ್ಟಿದರೆ ಕೆಲವು ವಾರಗಳಲ್ಲಿ ಎರಡೂ ಒಂದೇ ಗಿಡವಾಗಿ ಚಿಗುರುತ್ತವೆ. ಬೇರು ಒಂದರದು, ಫಲ ಇನ್ನೊಂದರದು, ಅವುಗಳಲ್ಲಿ ವೈರವಿಲ್ಲ. ಮನುಷ್ಯನ ದೇಹ ಮಾತ್ರ ಇಷ್ಟು ಉದಾರಿಯಲ್ಲ. ತನ್ನದೇ ತೊಡೆಯ ಚರ್ಮವನ್ನು ತೆಗೆದು ತನ್ನ ಗಾಯದ ಮೇಲೆ ಹಚ್ಚಿದರೆ ಅದು ಅಂಟಿಕೊಳ್ಳುತ್ತದೆ. ಒಡಹುಟ್ಟಿದವನ ಚರ್ಮವನ್ನು ಹಚ್ಚಿದರೆ ಮೊದಲ ಕೆಲವು ದಿನ ನಿಂತಂತೆ ಕಂಡು, ಆಮೇಲೆ ಕಂದಿ, ಒಣಗಿ, ಉದುರಿಹೋಗುತ್ತದೆ. ಸುಶ್ರುತ ಸಂಹಿತೆಯಲ್ಲಿ ತುಂಡಾದ ಮೂಗನ್ನು ಮತ್ತೆ ರೂಪಿಸುವ ಕ್ರಮವನ್ನು ಹೇಳಿದೆ. ಅಲ್ಲಿಯೂ ಬಳಸುವುದು ಆ ರೋಗಿಯದೇ ಕೆನ್ನೆಯ ಚರ್ಮವನ್ನು. ಪರರ ಚರ್ಮ ಏಕೆ ನಿಲ್ಲದು ಎಂಬ ಪ್ರಶ್ನೆಗೆ ಪ್ರಯೋಗಸಿದ್ಧವಾದ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಆ ಉತ್ತರವನ್ನು ಕಂಡುಕೊಟ್ಟವರಲ್ಲಿ ಅಗ್ರಗಣ್ಯರು ಸರ್ ಪೀಟರ್ ಬ್ರಯಾನ್ ಮೆಡವಾರ್ ಅವರು.

ಇಂದು ಒಬ್ಬರ ಹೃದಯ ಇನ್ನೊಬ್ಬರ ಎದೆಯಲ್ಲಿ ಮಿಡಿಯುವುದು ಸಾಧ್ಯವಾಗಿದೆ. ಆದರೂ ಅಂತಹ ಹೃದಯಕ್ಕಾಗಿ ಕಾದಿರುವ ಕೆಲವರಿಗೆ, ಅವರ ದೇಹವೇ ಮೊದಲಿಗೆ ಕೆರಳಿ ನಿಂತಿರುವ ಕಾರಣದಿಂದ, ಹೊಂದುವ ಹೃದಯ ಸಿಕ್ಕುವುದು ದುರ್ಲಭವಾಗುತ್ತದೆ. ಈ ಸಂಕಟದ ಬೀಜವನ್ನೂ ಪರಿಹಾರದ ಬೀಜವನ್ನೂ ನಾವು ಮೆಡವಾರರ ಪ್ರಯೋಗಗಳಲ್ಲಿಯೇ ಕಾಣಬಹುದಾಗಿದೆ. ಆದ್ದರಿಂದ ಅವರ ಜೀವನವನ್ನು ಸ್ಮರಿಸುವುದು ಕೇವಲ ಗತವೈಭವದ ಸ್ಮರಣೆಯಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೆಡವಾರರು 1915ನೆಯ ಫೆಬ್ರವರಿ 28ರಂದು ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರಕ್ಕೆ ಸಮೀಪದ ಪೆಟ್ರೊಪೊಲಿಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ನಿಕೊಲಸ್ ಮೆಡವಾರ್ ಲೆಬನಾನ್ ಮೂಲದವರು. ಬ್ರಿಟಿಷ್ ಪೌರತ್ವ ಪಡೆದು, ದಂತವೈದ್ಯಕ್ಕೆ ಬೇಕಾದ ಸಾಮಗ್ರಿಗಳ ವ್ಯಾಪಾರದಲ್ಲಿ ತೊಡಗಿದ್ದರು. ತಾಯಿ ಎಡಿತ್ ಮ್ಯೂರಿಯಲ್ ಡೌಲಿಂಗ್ ಇಂಗ್ಲೆಂಡಿನವರು. ಹೀಗೆ ಮೂರು ಭೂಖಂಡಗಳ ನಂಟು ಹೊತ್ತು ಹುಟ್ಟಿದ ಬಾಲಕ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಬಂದನು. 1928ರಲ್ಲಿ ಮಾರ್ಲ್‌ಬರೊ ಕಾಲೇಜೆಂಬ ವಸತಿಶಾಲೆಯನ್ನು ಸೇರಿದನು. ಅಲ್ಲಿಯ ಜೀವನ ಅವನಿಗೆ ಸುಖಕರವಾಗಿರಲಿಲ್ಲ. ಆದರೆ ಆ ಬೇಸರದ ನಡುವೆ ಒಂದು ಭಾಗ್ಯವೂ ಕಾದಿತ್ತು. ಲೌಂಡ್ಸ್ ಎಂಬ ಜೀವಶಾಸ್ತ್ರದ ಉಪಾಧ್ಯಾಯರ ಪಾಠ ಹುಡುಗನ ಮನಸ್ಸನ್ನು ಸೆಳೆದು, ಅವನ ಬಾಳಿನ ದಿಕ್ಕನ್ನು ನಿರ್ಧರಿಸಿತು. ಶಾಲೆಯನ್ನು ಪ್ರೀತಿಸದ ವಿದ್ಯಾರ್ಥಿಯೂ ಒಬ್ಬ ಒಳ್ಳೆಯ ಗುರುವಿನಿಂದ ಎಷ್ಟು ಎತ್ತರಕ್ಕೆ ಬೆಳೆಯಬಲ್ಲನೆಂಬುದಕ್ಕೆ ಇದೊಂದು ನಿದರ್ಶನ.

1932ರಲ್ಲಿ ಮೆಡವಾರರು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜನ್ನು ಸೇರಿ, ಜೆ. ಝಡ್. ಯಂಗ್ ಅವರ ಮಾರ್ಗದರ್ಶನದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿ, ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದರು. ಅನಂತರ ಹೋವರ್ಡ್ ಫ್ಲೋರಿಯವರ ಪ್ರಯೋಗಶಾಲೆಯಲ್ಲಿ ಸಂಶೋಧನೆಗೆ ತೊಡಗಿದರು. ಪೆನಿಸಿಲಿನ್ ಔಷಧವನ್ನು ರೋಗಿಗಳ ಬಳಿಗೆ ತಂದ ಪುಣ್ಯಾತ್ಮರು ಈ ಫ್ಲೋರಿಯವರೇ. ಮೆಡವಾರರ ಪ್ರಬಂಧ ಡಾಕ್ಟರೇಟ್ ಪದವಿಗೆ ಅರ್ಹವೆಂದು ಅಂಗೀಕೃತವಾದರೂ, ಪದವಿಯನ್ನು ಸ್ವೀಕರಿಸಲು ತೆರಬೇಕಾದ ಶುಲ್ಕ ತಮಗೆ ಭಾರವೆಂದು ಅವರು ಆ ಪದವಿಯನ್ನೇ ಕೈಬಿಟ್ಟರು. ಜ್ಞಾನಕ್ಕೆ ಆಶೆಪಟ್ಟವರೇ ಹೊರತು ಬಿರುದಿಗೆ ಆಶೆಪಟ್ಟವರಲ್ಲ. 1937ರಲ್ಲಿ ಸಹಪಾಠಿನಿಯಾಗಿದ್ದ ಜೀನ್ ಟೇಲರ್ ಅವರನ್ನು ವಿವಾಹವಾದರು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳ ಈ ತುಂಬು ಸಂಸಾರದಲ್ಲಿ ಜೀನ್ ಅವರು ಕೊನೆಯವರೆಗೂ ಪತಿಯ ಬೆನ್ನೆಲುಬಾಗಿ ನಿಂತರು.

ಬೆಂದ ವಿಮಾನಯೋಧ

ಎರಡನೆಯ ಮಹಾಯುದ್ಧದ ಕಾಲ. 1940ರ ಒಂದು ದಿನ ಮೆಡವಾರರು ಮನೆಯವರೊಡನೆ ತೋಟದಲ್ಲಿದ್ದಾಗ, ಬಾಂಬರ್ ವಿಮಾನವೊಂದು ತಗ್ಗಿನಲ್ಲಿ ಹಾರಿಬಂದು ಹತ್ತಿರದಲ್ಲಿಯೇ ನೆಲಕ್ಕಪ್ಪಳಿಸಿ ಹೊತ್ತಿ ಉರಿಯಿತು. ಮೊದಲು ಶತ್ರುವಿಮಾನವೆಂದು ಭಾವಿಸಿದ್ದು ಆಮೇಲೆ ಬ್ರಿಟನ್ನಿನದೇ ಎಂದು ತಿಳಿಯಿತು. ಮೈಯೆಲ್ಲ ಬೆಂದುಹೋದ ಒಬ್ಬ ಯೋಧನನ್ನು ಆಸ್ಪತ್ರೆಗೆ ಸೇರಿಸಿದರು. ಸುಟ್ಟಗಾಯಗಳನ್ನು ಮುಚ್ಚುವಷ್ಟು ಸ್ವಂತ ಚರ್ಮ ಅವನ ದೇಹದಲ್ಲಿ ಉಳಿದಿರಲಿಲ್ಲ. ವೈದ್ಯರು ಮೆಡವಾರರನ್ನು ಕರೆಸಿ, ಏನಾದರೂ ಉಪಾಯ ತೋರುವುದೇ ಎಂದು ಕೇಳಿದರು. ಅದುವರೆಗೆ ಪುಸ್ತಕ ಮತ್ತು ಗಾಜಿನ ಕೊಳವೆಗಳ ಲೋಕದಲ್ಲಿದ್ದ ತರುಣ ವಿಜ್ಞಾನಿಯ ಮುಂದೆ ನರಳುವ ಮನುಷ್ಯನೊಬ್ಬ ಮಲಗಿದ್ದನು. ನೆರೆಹೊರೆಯವರ ಚರ್ಮವನ್ನು ಇವನಿಗೆ ಹಚ್ಚಲು ಸಾಧ್ಯವಾಗಿದ್ದರೆ ಎಷ್ಟು ಜೀವಗಳು ಉಳಿದಾವು ಎಂಬ ಚಿಂತೆ ಅಂದಿನಿಂದ ಅವರನ್ನು ಬಿಡಲಿಲ್ಲ.

ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ಅವರು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ರಾಯಲ್ ಇನ್ಫರ್ಮರಿಯ ಸುಟ್ಟಗಾಯದ ವಿಭಾಗಕ್ಕೆ ಹೋಗಿ, ಶಸ್ತ್ರವೈದ್ಯ ಥಾಮಸ್ ಗಿಬ್ಸನ್ನರೊಡನೆ ಕೆಲಸಮಾಡಿದರು. ಅಲ್ಲಿ ಗ್ಯಾಸಿನ ಬೆಂಕಿಯಿಂದ ಮೈ ಸುಟ್ಟುಕೊಂಡಿದ್ದ ತರುಣಿಯೊಬ್ಬಳಿಗೆ ಅವಳ ಸಹೋದರನ ಚರ್ಮದ ಚಿಕ್ಕ ಚಿಕ್ಕ ತುಣುಕುಗಳನ್ನು ಹಚ್ಚಲಾಯಿತು. ಅವು ಕೆಲವು ದಿನ ಬದುಕಿ, ಆಮೇಲೆ ಕ್ಷಯಿಸಿದವು. ಮೊದಲ ಕಸಿಯಾದ ಸುಮಾರು ಎರಡು ವಾರಗಳ ತರುವಾಯ ಅದೇ ಸಹೋದರನ ಚರ್ಮವನ್ನು ಎರಡನೆಯ ಸಲ ಹಚ್ಚಿದರು. ಈ ಸಲ ಚರ್ಮ ಮೊದಲಿನಷ್ಟು ದಿನವೂ ನಿಲ್ಲಲಿಲ್ಲ, ಬಹುಬೇಗ ನಾಶವಾಯಿತು.

ಇತರರು ವಿಫಲ ಚಿಕಿತ್ಸೆಯೆಂದು ಬದಿಗೊತ್ತಬಹುದಾಗಿದ್ದ ಈ ಸಂಗತಿಯಲ್ಲಿ ಮೆಡವಾರರು ಮಹತ್ತರವಾದ ಸತ್ಯವನ್ನು ಕಂಡರು. ಎರಡನೆಯ ಸಲ ಬೇಗ ತಿರಸ್ಕರಿಸಬೇಕಾದರೆ ದೇಹಕ್ಕೆ ಮೊದಲನೆಯ ಸಲದ ನೆನಪು ಇರಬೇಕು. ಒಮ್ಮೆ ದಡಾರ ಬಂದುಹೋದ ಮಗುವಿನ ದೇಹ ಆ ರೋಗವನ್ನು ನೆನಪಿಟ್ಟುಕೊಂಡು ಮತ್ತೆ ಒಳಗೆ ಬಿಡದಂತೆಯೇ, ಪರರ ಅಂಗಾಂಶವನ್ನೂ ನೆನಪಿಟ್ಟುಕೊಳ್ಳುತ್ತದೆ. ಅಂದಮೇಲೆ ಕಸಿಯ ನಾಶಕ್ಕೆ ಕಾರಣ ಹೊಲಿಗೆಯ ದೋಷವಲ್ಲ, ರಕ್ತಸಂಚಾರದ ಕೊರತೆಯಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕಾರಣ. ಗಿಬ್ಸನ್ ಮತ್ತು ಮೆಡವಾರರು 1943ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ಮುಂದಿನ ಎರಡು ವರ್ಷಗಳಲ್ಲಿ ಮೆಡವಾರರು ಮೊಲಗಳ ಮೇಲೆ ನಡೆಸಿದ ಸುವ್ಯವಸ್ಥಿತ ಪ್ರಯೋಗಗಳು ಈ ನಿರ್ಣಯವನ್ನು ಸಂದೇಹಕ್ಕೆಡೆಯಿಲ್ಲದಂತೆ ದೃಢಪಡಿಸಿದವು.

ಕರುಗಳು ಕಲಿಸಿದ ಪಾಠ

1947ರಲ್ಲಿ ಮೆಡವಾರರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಎಂಬ ಸಮರ್ಥ ಶಿಷ್ಯ ಅವರ ಜೊತೆಗಿದ್ದರು. 1948ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ನಡೆದ ಆನುವಂಶಿಕ ವಿಜ್ಞಾನದ ಸಮ್ಮೇಳನದಲ್ಲಿ ಹ್ಯೂ ಡೊನಾಲ್ಡ್ ಎಂಬ ಪಶುವಿಜ್ಞಾನಿ ಅವರ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಅವಳಿ ಕರುಗಳು ಒಂದೇ ಅಂಡದಿಂದ ಹುಟ್ಟಿದುವೋ ಎರಡು ಅಂಡಗಳಿಂದಲೋ ಎಂದು ಗುರುತಿಸುವುದು ಹೇಗೆ? ಪರಸ್ಪರ ಚರ್ಮ ಕಸಿಮಾಡಿ ನೋಡಿದರಾಯಿತು, ಬೇರೆ ಅಂಡದವಾದರೆ ಚರ್ಮ ನಿಲ್ಲದು ಎಂದು ಮೆಡವಾರರು ಸುಲಭವಾಗಿ ಉತ್ತರ ಹೇಳಿಬಿಟ್ಟರು. ಪ್ರಯೋಗ ಮಾಡಿದಾಗ ಅವರ ಮಾತು ಸುಳ್ಳಾಯಿತು. ಬೇರೆ ಬೇರೆ ಅಂಡದ ಅವಳಿಗಳಲ್ಲಿಯೂ, ಒಂದು ಗಂಡು ಒಂದು ಹೆಣ್ಣಾಗಿದ್ದ ಅವಳಿಗಳಲ್ಲಿಯೂ ಚರ್ಮ ನಿಂತುಬಿಟ್ಟಿತು.

ತಮ್ಮ ಊಹೆ ಸೋತಾಗ ಮುಖ ತಿರುಗಿಸಿಕೊಳ್ಳುವವರು ಲೋಕದಲ್ಲಿ ಹಲವರು. ಮೆಡವಾರರು ಆ ಸೋಲಿನ ಕಾರಣವನ್ನೇ ಹುಡುಕಹೊರಟರು. ಅಮೆರಿಕದ ರೇ ಓವೆನ್ 1945ರಲ್ಲಿಯೇ ಒಂದು ವಿಚಿತ್ರವನ್ನು ತೋರಿಸಿದ್ದರು: ಗರ್ಭದಲ್ಲಿರುವಾಗ ಅವಳಿ ಕರುಗಳ ರಕ್ತನಾಳಗಳು ಕೂಡಿಕೊಳ್ಳುವುದರಿಂದ ಒಂದರ ರಕ್ತಕಣಗಳು ಇನ್ನೊಂದರಲ್ಲಿ ಜೀವಮಾನವಿಡೀ ನೆಲೆಸಿರುತ್ತವೆ. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ಟರು, ತನ್ನದು ಯಾವುದು ಪರರದು ಯಾವುದು ಎಂಬ ವಿವೇಕವನ್ನು ದೇಹ ಹುಟ್ಟುವ ಮೊದಲೇ ಕಲಿಯುತ್ತಿರಬೇಕೆಂದು 1949ರಲ್ಲಿ ತರ್ಕಿಸಿದ್ದರು. ಇವೆರಡನ್ನೂ ಕೂಡಿಸಿದಾಗ ಕರುಗಳ ಒಗಟು ಬಿಡಿಸಿತು. ಆ ತರ್ಕವನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚುವುದಷ್ಟೇ ಉಳಿದಿತ್ತು.

1951ರಲ್ಲಿ ಮೆಡವಾರರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ಬಿಲ್ಲಿಂಗ್‌ಹ್ಯಾಮರ ಜೊತೆಗೆ ಲೆಸ್ಲಿ ಬ್ರೆಂಟ್ ಎಂಬ ಇನ್ನೊಬ್ಬ ತರುಣ ಇವರೊಡನಿದ್ದರು. ಜರ್ಮನಿಯ ಯೆಹೂದಿ ಕುಟುಂಬದಲ್ಲಿ ಹುಟ್ಟಿ, 1938ರಲ್ಲಿ ಮಕ್ಕಳನ್ನು ಪಾರುಮಾಡುವ ಪ್ರಯಾಣದಲ್ಲಿ ಇಂಗ್ಲೆಂಡಿಗೆ ಬಂದ ನಿರಾಶ್ರಿತ ಬಾಲಕನೇ ಈ ಬ್ರೆಂಟ್. ಈ ಮೂವರೂ ಸೇರಿ, ಇನ್ನೂ ತಾಯಿಯ ಗರ್ಭದಲ್ಲಿದ್ದ ಕಂದುಬಣ್ಣದ ತಳಿಯ ಇಲಿಮರಿಗಳಿಗೆ ಬಿಳಿ ತಳಿಯ ಇಲಿಯ ಜೀವಕೋಶಗಳನ್ನು ಚುಚ್ಚಿದರು. ಮರಿಗಳು ಹುಟ್ಟಿ ಬೆಳೆದ ಮೇಲೆ ಬಿಳಿ ತಳಿಯ ಚರ್ಮವನ್ನು ಅವುಗಳಿಗೆ ಕಸಿಮಾಡಿದರು. ಕೆಲವು ಕಂದು ಇಲಿಗಳ ಮೈಮೇಲೆ ಬಿಳಿಯ ಚರ್ಮ ರೋಮಸಹಿತವಾಗಿ ಬೆಳೆದು ನಿಂತಿತು. 1953ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಲೇಖನ ಕೆಲವೇ ಪುಟಗಳದು. ಆದರೆ ಪರಕೀಯ ಅಂಗಾಂಶವನ್ನು ಸಹಿಸಿಕೊಳ್ಳಲು ದೇಹಕ್ಕೆ ಕಲಿಸಬಹುದೆಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ಅದೇ. ಅಲ್ಲಿಯವರೆಗೆ ದಾಟಲಾಗದ ಗೋಡೆಯೆಂದು ಶಸ್ತ್ರವೈದ್ಯರು ತಿಳಿದಿದ್ದುದು ಗೋಡೆಯಲ್ಲ, ಬಾಗಿಲೆಂದು ತಿಳಿದುಬಂದಿತು.

1960ರಲ್ಲಿ ಬರ್ನೆಟ್ ಮತ್ತು ಮೆಡವಾರರಿಗೆ ನೊಬೆಲ್ ಪಾರಿತೋಷಕ ಸಂದಿತು. ಗೌರವ ತಮ್ಮೊಬ್ಬರದಲ್ಲವೆಂದು ಬಗೆದ ಮೆಡವಾರರು ತಮಗೆ ಬಂದ ಹಣದಲ್ಲಿ ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟರಿಗೆ ಪಾಲು ಕಳುಹಿಸಿಕೊಟ್ಟರು. ಶಿಷ್ಯರ ದುಡಿಮೆಯನ್ನು ತಮ್ಮ ಹೆಸರಿಗೆ ಬರೆದುಕೊಳ್ಳುವವರ ನಡುವೆ ಇಂತಹ ಗುರುಗಳು ವಿರಳ.

ಕೀರ್ತಿ ಮತ್ತು ಕಷ್ಟ

1962ರಲ್ಲಿ ಮೆಡವಾರರು ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1965ರಲ್ಲಿ ಸರ್ ಪದವಿ ಬಂದಿತು. ಆರಡಿಯನ್ನು ಮೀರಿದ ಎತ್ತರದ ಆಳು. ಕ್ರಿಕೆಟ್ ಮತ್ತು ಸಂಗೀತನಾಟಕಗಳೆಂದರೆ ಪ್ರಾಣ. ವಿಜ್ಞಾನವನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆಯುವುದರಲ್ಲಿ ಸಿದ್ಧಹಸ್ತರು. ನಿರ್ದೇಶಕನ ಕುರ್ಚಿಯಲ್ಲಿ ಕುಳಿತ ಮೇಲೂ ಪ್ರಯೋಗದ ಮೇಜನ್ನು ಬಿಡಲಿಲ್ಲ.

1969ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ವಿಜ್ಞಾನ ಪ್ರಗತಿ ಸಂಘದ ಅಧ್ಯಕ್ಷರಾಗಿ ಎಕ್ಸಿಟರ್ ನಗರಕ್ಕೆ ಹೋಗಿದ್ದಾಗ, ಅಲ್ಲಿಯ ದೇವಾಲಯದಲ್ಲಿ ಧರ್ಮಗ್ರಂಥದ ಭಾಗವನ್ನು ಓದುತ್ತಿದ್ದಂತೆಯೇ ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ ನಿಶ್ಚೇಷ್ಟಿತವಾಯಿತು, ದೃಷ್ಟಿಯ ಎಡಭಾಗ ಮಸುಳಿತು. ಆಗ ಅವರಿಗೆ 54 ವರ್ಷ. ನಿರ್ದೇಶಕ ಸ್ಥಾನದಿಂದ 1971ರಲ್ಲಿ ನಿವೃತ್ತರಾದರೂ, ಸಂಶೋಧನೆಯಿಂದ ನಿವೃತ್ತರಾಗಲಿಲ್ಲ. ನಾರ್ತ್‌ವಿಕ್ ಪಾರ್ಕಿನ ಚಿಕಿತ್ಸಾ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮುಂದುವರಿಸಿದರು. ತರುಣ ವಿಜ್ಞಾನಿಗಳಿಗೆ ಹಿತವಚನದ ರೂಪದಲ್ಲಿ ಬರೆದ ಅವರ ಪುಸ್ತಕ 1979ರಲ್ಲಿಯೂ, ಆತ್ಮಕಥೆ 1986ರಲ್ಲಿಯೂ ಹೊರಬಂದವು. ಪಾರ್ಶ್ವವಾಯು ಮತ್ತೆ ಮತ್ತೆ ಮರುಕಳಿಸಿತು. 1987ನೆಯ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ಅವರು ಕೊನೆಯುಸಿರೆಳೆದರು. ಹದಿನೆಂಟು ವರ್ಷಗಳ ಕಾಲ ರೋಗಿಯಾಗಿದ್ದುಕೊಂಡೇ ರೋಗಿಗಳಿಗಾಗಿ ದುಡಿದ ಕಾಯಕನಿಷ್ಠೆ ಅವರದು.

ನೆನಪಿನ ಇನ್ನೊಂದು ಮುಖ

ಮೆಡವಾರರ ಇಲಿಗಳ ಪ್ರಯೋಗವನ್ನು ಕುರಿತ ಉಪನ್ಯಾಸವೊಂದರ ಕೊನೆಯಲ್ಲಿ, ಇದರಿಂದ ರೋಗಿಗಳಿಗೆ ಪ್ರಯೋಜನವುಂಟೇ ಎಂದು ಕೇಳಿದಾಗ ಅವರು ಇಲ್ಲವೆಂದು ಉತ್ತರವಿತ್ತರಂತೆ. ಸಭೆಯಲ್ಲಿದ್ದ ರಾಯ್ ಕಾಲ್ನ್ ಎಂಬ ತರುಣ ಶಸ್ತ್ರವೈದ್ಯರು ಆ ಉತ್ತರವನ್ನು ಒಪ್ಪಲಿಲ್ಲ. ತಿರಸ್ಕಾರವನ್ನು ತಗ್ಗಿಸುವ ಔಷಧಗಳನ್ನು ಅಂಗಕಸಿಗೆ ತಂದವರಲ್ಲಿ ಅವರು ಪ್ರಮುಖರಾದರು. 1967ನೆಯ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡರು ಮೊದಲ ಮಾನವ ಹೃದಯ ಕಸಿಯನ್ನು ನಡೆಸಿದರು. ರೋಗಿ 18 ದಿನ ಬದುಕಿದನು. ಸೈಕ್ಲೋಸ್ಪೊರಿನ್ ಔಷಧ ಬಳಕೆಗೆ ಬಂದ ಮೇಲೆ 1980ರ ದಶಕದಲ್ಲಿ ಹೃದಯ ಕಸಿ ನೆಲೆಯೂರಿತು. ನಮ್ಮ ದೇಶದಲ್ಲಿ 1994ನೆಯ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲರು ಮೊದಲ ಯಶಸ್ವಿ ಹೃದಯ ಕಸಿಯನ್ನು ನೆರವೇರಿಸಿದರು.

ಆದರೆ ಗ್ಲಾಸ್ಗೊ ನಗರದ ಆ ತರುಣಿಯಲ್ಲಿ ಕಂಡ ನೆನಪು ಅಂಗಕಸಿಯನ್ನು ಬಿಡದೆ ಹಿಂಬಾಲಿಸಿತು. ಚರ್ಮದ ಕಸಿಯಲ್ಲಿ ಮುಖ್ಯ ಪಾತ್ರ ಬಿಳಿ ರಕ್ತಕಣಗಳದೆಂದು ಮೆಡವಾರರು ತೋರಿಸಿದ್ದರು. ರಕ್ತದಲ್ಲಿ ತೇಲುವ ಪ್ರತಿಕಾಯಗಳ ಪಾತ್ರವನ್ನು ಲಂಡನ್ನಿನ ಪೀಟರ್ ಗೋರರ್ ಮೊದಲಾದವರು ಎತ್ತಿಹಿಡಿದರು. 1958ರಲ್ಲಿ ಫ್ರಾನ್ಸಿನ ಜಾನ್ ದೊಸೆ ಅವರು ಪದೇ ಪದೇ ರಕ್ತ ಪಡೆದ ರೋಗಿಗಳಲ್ಲಿ ಪರರ ಬಿಳಿ ರಕ್ತಕಣಗಳ ವಿರುದ್ಧ ಪ್ರತಿಕಾಯಗಳಿರುವುದನ್ನು ಆಧರಿಸಿ, ಇಂದು ಎಚ್.ಎಲ್.ಎ. ಎಂದು ಕರೆಯುವ ಗುರುತುಗಳಲ್ಲಿ ಮೊದಲನೆಯದನ್ನು ಪತ್ತೆಹಚ್ಚಿದರು. ಪ್ರತಿಯೊಬ್ಬರ ಜೀವಕೋಶದ ಮೇಲೂ ಇರುವ ಈ ಗುರುತುಗಳೇ ದೇಹಕ್ಕೆ ತನ್ನವರು ಯಾರು, ಪರರು ಯಾರು ಎಂದು ತಿಳಿಸುವ ಮುದ್ರೆಗಳು. 1969ರಲ್ಲಿ ಅಮೆರಿಕದ ಪಟೇಲ್ ಮತ್ತು ತೆರಸಾಕಿ ಎಂಬ ವಿಜ್ಞಾನಿಗಳು ಮೂತ್ರಪಿಂಡದ ಕಸಿಗಳನ್ನು ಪರಿಶೀಲಿಸಿದರು. ದಾನಿಯ ಕಣಗಳ ವಿರುದ್ಧ ಮೊದಲೇ ಪ್ರತಿಕಾಯ ಹೊಂದಿದ್ದವರ 30 ಕಸಿಗಳಲ್ಲಿ 24 ಕೂಡಲೇ ವಿಫಲವಾಗಿದ್ದವು. ಹಾಗೆ ಇಲ್ಲದವರ 195ರಲ್ಲಿ ವಿಫಲವಾದುವು 8 ಮಾತ್ರ.

ಹೃದ್ರೋಗಿಗಳ ವಿಷಯದಲ್ಲಿ ಈ ಸಮಸ್ಯೆ ಇನ್ನಷ್ಟು ಕರುಣಾಜನಕವಾದ ರೂಪ ತಾಳಿತು. ಹೃದಯ ಸೋತವರಿಗೆ ದಾನಿಯ ಹೃದಯ ಬೇಕೆಂದಾಗ ಸಿಗುವುದಿಲ್ಲ. ಅದುವರೆಗೆ ಜೀವ ಹಿಡಿದಿಡಲೆಂದು ಎಡ ಹೃತ್ಕುಕ್ಷಿಗೆ ನೆರವಾಗುವ ಪಂಪನ್ನು ಎದೆಯೊಳಗೆ ಇಡುವ ಕ್ರಮ ಬಂದಿತು. 1984ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಇಂತಹ ಪಂಪಿನ ನೆರವಿನಿಂದ ಒಬ್ಬ ರೋಗಿಯನ್ನು ಕಸಿಯವರೆಗೆ ತಲಪಿಸಲಾಯಿತು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಸಿಗೆ ಅರ್ಹರಲ್ಲದ 129 ಮಂದಿ ತೀವ್ರ ರೋಗಿಗಳ ಪೈಕಿ ಪಂಪು ಪಡೆದವರಲ್ಲಿ 100ಕ್ಕೆ 52 ಮಂದಿ ಒಂದು ವರ್ಷ ಬದುಕಿದರು. ಔಷಧ ಮಾತ್ರ ಪಡೆದವರಲ್ಲಿ 100ಕ್ಕೆ 25 ಮಂದಿ. ಯಂತ್ರದ ಉಪಕಾರ ಸ್ಪಷ್ಟ.

ಆದರೆ ಉಪಕಾರದ ಬೆನ್ನಿಗೆ ತೊಡಕೂ ಬಂದಿತು. ಪಂಪನ್ನು ಅಳವಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನೂ ರಕ್ತಫಲಕಗಳನ್ನೂ ಕೊಡಬೇಕಾಗುತ್ತದೆ. ಅವು ಪರರ ಮುದ್ರೆಗಳನ್ನು ಹೊತ್ತು ಬರುತ್ತವೆ. ಹಳೆಯ ಪಂಪುಗಳ ಒರಟಾದ ಒಳಮೈ ರಕ್ತಕಣಗಳನ್ನು ತನ್ನ ಮೇಲೆ ಕೂರಿಸಿಕೊಂಡು, ರೋಗನಿರೋಧಕ ವ್ಯವಸ್ಥೆಯನ್ನು ಸದಾ ಕೆರಳಿಸುತ್ತಿತ್ತು. ಮಕ್ಕಳನ್ನು ಹೆತ್ತ ತಾಯಂದಿರಲ್ಲಿ ಮಗುವಿನ ತಂದೆಯ ಕಡೆಯ ಗುರುತುಗಳ ವಿರುದ್ಧ ಪ್ರತಿಕಾಯಗಳು ಮೊದಲೇ ಇರಬಹುದು. ಹೀಗೆ ಜೀವ ಉಳಿಸಲು ಕೊಟ್ಟ ರಕ್ತವೇ, ಜೀವ ಹಿಡಿದಿಟ್ಟ ಯಂತ್ರವೇ, ಮುಂದೆ ಬರಬೇಕಾದ ಹೃದಯದ ದಾರಿಯನ್ನು ಕಿರಿದುಗೊಳಿಸುತ್ತದೆ. ರೋಗಿಯ ರಕ್ತಸಾರವನ್ನು ಪರೀಕ್ಷಿಸಿ ಪಿ.ಆರ್.ಎ. ಎಂಬ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ಅದು 100ಕ್ಕೆ 80 ಇದ್ದರೆ, ನೂರು ಮಂದಿ ದಾನಿಗಳಲ್ಲಿ ಸುಮಾರು ಎಂಬತ್ತು ಮಂದಿಯ ಹೃದಯ ಅವನಿಗೆ ಒಗ್ಗದೆಂದು ಅರ್ಥ. ಎಣಿಸಿದಷ್ಟು ಹೃದಯಗಳು ಮಾತ್ರ ದೊರೆಯುವಲ್ಲಿ ಇದು ಎಂತಹ ಆಪತ್ತೆಂದು ಊಹಿಸಬಹುದು.

ಈ ಕೆರಳಿಕೆಯನ್ನು ತಗ್ಗಿಸಲು ವೈದ್ಯರು ಹಲವು ಮಾರ್ಗಗಳನ್ನು ಹಿಡಿದಿದ್ದಾರೆ. ಮೊದಲನೆಯದು, ಅದು ಹುಟ್ಟದಂತೆ ನೋಡಿಕೊಳ್ಳುವುದು: ಅನಿವಾರ್ಯವಾದಾಗ ಮಾತ್ರ ರಕ್ತ ಕೊಡುವುದು, ಕೊಡುವಾಗ ಬಿಳಿ ರಕ್ತಕಣಗಳನ್ನು ಸೋಸಿ ಕೊಡುವುದು. ರಕ್ತದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಸಾಮಾನ್ಯ ರಕ್ತಫಲಕ ಪಡೆದವರಲ್ಲಿ 100ಕ್ಕೆ 45 ಮಂದಿಯಲ್ಲಿ ಪ್ರತಿಕಾಯ ಹುಟ್ಟಿದರೆ, ಸೋಸಿದ ಅಥವಾ ಅತಿನೇರಳೆ ಕಿರಣ ಹಾಯಿಸಿದ ರಕ್ತಫಲಕ ಪಡೆದವರಲ್ಲಿ ಹಾಗಾದದ್ದು 17ರಿಂದ 21 ಮಂದಿಯಲ್ಲಿ. ಪಂಪು ಹೊತ್ತವರಲ್ಲಿ ಸೋಸುವಿಕೆಯ ಫಲ ಅಷ್ಟು ನಿಚ್ಚಳವಾಗಿ ಕಂಡಿಲ್ಲವಾದರೂ ಎಚ್ಚರಿಕೆಯ ಕ್ರಮವಾಗಿ ಅದು ರೂಢಿಯಲ್ಲಿದೆ. ಒಂದೇ ಸಮನೆ ರಕ್ತ ಹರಿಸುವ ಹೊಸ ಚಿಕ್ಕ ಪಂಪುಗಳು ಹಳೆಯವಕ್ಕಿಂತ ಕಡಿಮೆ ಕೆರಳಿಸುತ್ತವೆಂದು ಹಲವು ಅಧ್ಯಯನಗಳು ಕಂಡಿವೆ.

ಎರಡನೆಯದು, ಹುಟ್ಟಿದ ಪ್ರತಿಕಾಯಗಳನ್ನು ಇಳಿಸುವುದು. ಪ್ಲಾಸ್ಮಾ ವಿನಿಮಯದಿಂದ ಅವುಗಳನ್ನು ರಕ್ತದಿಂದ ತೆಗೆಯಬಹುದು; ಆದರೆ ಬಾವಿಯ ನೀರನ್ನು ಮೊಗೆದಂತೆ, ಒರತೆ ಇರುವತನಕ ಅವು ಮತ್ತೆ ತುಂಬಿಕೊಳ್ಳುತ್ತವೆ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ಸಂಗ್ರಹಿಸಿದ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು ಪ್ರತಿಕಾಯಗಳ ತೀವ್ರತೆಯನ್ನು ತಣಿಸುತ್ತಾರೆ. ಒರತೆಯನ್ನೇ ತಡೆಯಲು ಬಿ ಕಣಗಳನ್ನು ಗುರಿಯಾಗಿಸುವ ರಿಟುಕ್ಸಿಮಾಬ್, ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕಣಗಳನ್ನು ಗುರಿಯಾಗಿಸುವ ಬೋರ್ಟೆಜೊಮಿಬ್ ಮುಂತಾದ ಔಷಧಗಳಿವೆ. ಇವುಗಳ ಬಳಕೆಗೆ ಆಧಾರವಾಗಿರುವುದು ಹೆಚ್ಚಾಗಿ ಸಣ್ಣ ಸಣ್ಣ ಗುಂಪುಗಳ ಅನುಭವ. ರಕ್ಷಣೆಯ ಪಡೆಯನ್ನು ತಗ್ಗಿಸಿದಷ್ಟೂ ಸೋಂಕಿನ ಭಯ ಹೆಚ್ಚು. ಪಂಪಿನ ತಂತಿ ಹೊಟ್ಟೆಯ ಚರ್ಮವನ್ನು ತೂರಿ ಹೊರಬಂದಿರುವ ರೋಗಿಗೆ ಆ ಭಯ ಇಮ್ಮಡಿ. ಆದುದರಿಂದ ಇಲ್ಲಿ ಔಷಧಕ್ಕಿಂತ ವಿವೇಚನೆಯೇ ದೊಡ್ಡದು.

ಮೂರನೆಯದು, ಯಾವ ಪ್ರತಿಕಾಯ ಯಾವ ಗುರುತಿನ ವಿರುದ್ಧ ಇದೆಯೆಂದು ಸೂಕ್ಷ್ಮವಾಗಿ ತಿಳಿದು, ಆ ಗುರುತಿಲ್ಲದ ದಾನಿಯನ್ನು ಆರಿಸುವುದು. ದಾನಿಯ ಮತ್ತು ರೋಗಿಯ ವಿವರಗಳನ್ನು ಮೊದಲೇ ಹೋಲಿಸಿ ನೋಡುವ ಈ ಕ್ರಮದಿಂದ, ಹಿಂದೆ ಕಸಿ ಅಸಾಧ್ಯವೆನಿಸಿದ್ದ ಎಷ್ಟೋ ರೋಗಿಗಳಿಗೆ ಹೃದಯ ದೊರೆತಿದೆ.

ಉಪಸಂಹಾರ

ಮೆಡವಾರರು ತೆರೆದ ಬಾಗಿಲು ಇನ್ನೂ ಪೂರ್ತಿಯಾಗಿ ತೆರೆದಿಲ್ಲ. ಕಂದು ಇಲಿಯ ಮೈಮೇಲೆ ಬಿಳಿ ಚರ್ಮವನ್ನು ನಿಲ್ಲಿಸಿದಂತೆ, ಔಷಧವಿಲ್ಲದೆಯೇ ಪರರ ಹೃದಯವನ್ನು ಸಹಿಸಿಕೊಳ್ಳುವ ಪಾಠವನ್ನು ಬೆಳೆದ ಮನುಷ್ಯನ ದೇಹಕ್ಕೆ ಕಲಿಸುವ ಕೆಲಸ ಮುಂದಿನವರಿಗಾಗಿ ಕಾದಿದೆ. ನಮ್ಮ ವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಇಂದು ಸೂಕ್ಷ್ಮದರ್ಶಕದ ಮೇಲೆ ಬಾಗಿರುವ ಮಕ್ಕಳಲ್ಲಿ ಒಬ್ಬರು ಆ ಕೆಲಸಕ್ಕೆ ಕೈಹಾಕಬಹುದು. ಅದಕ್ಕೆ ಬೇಕಾದುದು ಲೌಂಡ್ಸರಂತಹ ಒಬ್ಬ ಉಪಾಧ್ಯಾಯ; ವಿದ್ಯಾರ್ಥಿಯ ಶುಲ್ಕದ ಹೊರೆಯನ್ನು ಹಗುರಮಾಡುವ ಒಬ್ಬ ದಾನಿ; ಮತ್ತು ಊಹೆ ಸುಳ್ಳಾದಾಗ ನಾಚದೆ ಕಾರಣವನ್ನು ಹುಡುಕುವ ಮನಸ್ಸು. ಇವುಗಳಲ್ಲಿ ಮೊದಲಿನೆರಡನ್ನು ಒದಗಿಸುವುದು ಹಿರಿಯರಾದ ನಮ್ಮ ಕೈಯಲ್ಲಿದೆ. ಮೂರನೆಯದನ್ನು ಮೆಡವಾರರ ಜೀವನದಿಂದ ನಮ್ಮ ವಿದ್ಯಾರ್ಥಿಗಳು ಕಲಿಯಲೆಂದು ಹಾರೈಸುತ್ತೇನೆ.